ಮೂರು ಮಣದ ಟಗರು

ಮುದ್ದಯ್ಯನ ಕೈತೂಕ ಎಂದರೆ ಮಳವಳ್ಳಿ ಸುತ್ತಿನ ಹಳ್ಳಿಗಳಿಗೆಲ್ಲ ಕಲ್ಲಿನಲ್ಲಿ ಕೊರೆದ ಮಾತು. ಟಗರಿನ ಸೊಂಟದ ಮೇಲೆ ಅಂಗೈ ಒತ್ತಿ, ಎದೆಯ ಕೆಳಗೆ ಕೈ ಕೊಟ್ಟು ಒಂದು ಸಲ ಎತ್ತಿ ಇಳಿಸಿದರೆ ಸಾಕು, ಇಂತಿಷ್ಟು ಮಣ, ಇಂತಿಷ್ಟು ಸೇರು ಎಂದು ಹೇಳಿಬಿಡುತ್ತಿದ್ದ. ಸಂತೆಯಲ್ಲಿ ದಳ್ಳಾಳಿಗಳು ಜಗಳಕ್ಕೆ ಬಿದ್ದರೆ ಅವನನ್ನೇ ಕರೆಸುತ್ತಿದ್ದರು. ಆ ಕೈ ತಪ್ಪುತ್ತಿದ್ದದ್ದು ಒಂದೇ ಕಡೆ. ಅವನ ಸ್ವಂತ ಮನೆಯ ಅಂಗಳದಲ್ಲಿ, ಅದೂ ಸೊಸೆ ಹೊಂಬಾಳಮ್ಮ ಮೇಯಿಸಿದ ಟಗರನ್ನು ಎತ್ತುವಾಗ. ಮೂರು ವರ್ಷದಿಂದ ತಪ್ಪುತ್ತಿತ್ತು. ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ದೊಡ್ಡವರ ಕೈ ತಪ್ಪಿದರೆ ಅದಕ್ಕೆ ತಪ್ಪು ಅನ್ನುವ ರೂಢಿ ನಮ್ಮಲ್ಲಿಲ್ಲ.

ಸಂಗತಿ ಇಷ್ಟೇ. ಮೂರು ವರ್ಷದ ಹಿಂದೆ ಮುದ್ದಯ್ಯನ ಮಗಳು ಮಂಗಳಮ್ಮನ ಮದುವೆಯಾಯಿತು. ಮದ್ದೂರಿನ ಕಡೆಯ ಗಂಡು. ಚಪ್ಪರದಲ್ಲಿ ಕೂತ ಮೇಲೆ ಬೀಗರು, ಹುಡುಗಿಯ ಕಿವಿಗೆ ಓಲೆ ಎಲ್ಲಿ ಎಂದು ಕೇಳಿದರು. ಓಲೆ ಮಾಡಿಸಿಯೇ ಇರಲಿಲ್ಲ. ಮುದ್ದಯ್ಯ ಸೀದಾ ಒಳಗೆ ಬಂದು, ಒಲೆ ಮುಂದೆ ಕೂತಿದ್ದ ಸೊಸೆಯ ಕಡೆ ಕೈ ತೋರಿಸಿ ಹೆಂಡತಿ ಚಿಕ್ಕನಂಜಮ್ಮನಿಗೆ, "ಬಿಚ್ಚುಸು" ಎಂದ. ಅವು ಹೊಂಬಾಳಮ್ಮನ ತವರಿನ ಓಲೆ. ಅವಳ ಅವ್ವ ಸಾಯುವ ಮುಂಚೆ ತನ್ನ ಕಿವಿಯಿಂದ ತೆಗೆದು ಮಗಳಿಗೆ ತೊಡಿಸಿದ್ದವು. ಮಸಿ ಕೈಯಲ್ಲೇ ಬಿಚ್ಚಿ ಕೊಟ್ಟಳು. ಮುದ್ದಯ್ಯ ಚಪ್ಪರದ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನಮ್ಮ ಸೊಸೆ ಓಲೆ ಎಲ್ಲೂ ಓಗಲ್ಲ. ಮೂರು ಮಣದ ಟಗರು ಒಂದು ಮೇಯಿಸಿ ತೋರುಸ್ಲಿ. ಅದನ್ನ ಮಾರಿ ಅಂಥವೇ ಓಲೆ ಮಾಡಿಸಿ ಕೊಡ್ತೀನಿ. ಇದು ಮುದ್ದಯ್ಯನ ಮಾತು."

ಚಪ್ಪರದವರು ಭಲೇ ಅಂದರು. ಹೊಂಬಾಳಮ್ಮ ಅಂದಿನಿಂದ ಕಿವಿಯ ತೂತು ಮುಚ್ಚದಿರಲಿ ಎಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಗಂಡ ಗುಂಡುಕಲ್ಲಿನ ಹಾಗೆ ಇರುವ ಹೆಂಗಸು ಬರಿಗಿವಿಯಲ್ಲಿ ನೀರಿಗೆ ಹೋದರೆ ಬಾವಿಕಟ್ಟೆಯ ಮೇಲೆ ಮಾತು ನಿಂತುಹೋಗುತ್ತಿತ್ತು. ಹೊಸಬರು ಯಾರಾದರೂ ಇದ್ದರೆ ಅವಳ ಹಣೆಯಲ್ಲಿ ಕುಂಕುಮ ಇದೆಯೋ ಇಲ್ಲವೋ ಎಂದು ಇಣುಕುತ್ತಿದ್ದರು.

ನಮ್ಮ ಕಡೆ ಮಂದೆ ಬಯಲಲ್ಲೇ ಮೇಯ್ದರೂ, ತೂಕಕ್ಕೆಂದು ಕೊಬ್ಬಿಸುವ ಬಂಡೂರು ಟಗರನ್ನು ಬಯಲಿಗೆ ಅಟ್ಟುವುದಿಲ್ಲ. ಮನೆಯ ಹೆಂಗಸು ಕೂತು ತುತ್ತು ಕೊಡಬೇಕು. ಟಗರನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ದವಡೆ ಅಗಲಿಸಿ, ಹಿಪ್ಪುನೇರಳೆ ಸೊಪ್ಪನ್ನೂ ಬೇಯಿಸಿದ ಹುರುಳಿಯನ್ನೂ ಉಂಡೆ ಕಟ್ಟಿ ಬಲಗೈಯಿಂದ ಗಂಟಲಿಗೆ ತಳ್ಳಬೇಕು. ದವಡೆಯ ಮೂಲೆ ಎಲ್ಲಿ ಹಿಡಿಯಬೇಕು ಎಂದು ತಿಳಿಯದವರಿಗೆ ಬೆರಳು ಉಳಿಯುವುದಿಲ್ಲ. ಹೊಂಬಾಳಮ್ಮ ಮದುವೆಯಾಗಿ ಬಂದ ವಾರದಲ್ಲೇ ಚಿಕ್ಕನಂಜಮ್ಮ ಅದನ್ನು ಹೇಳಿಕೊಟ್ಟಿದ್ದಳು. ಅಷ್ಟು ಹೇಳಿಕೊಟ್ಟರೂ ಸೊಸೆಯ ತೋರುಬೆರಳಿನ ಉಗುರು ಇವತ್ತಿಗೂ ಸೊಟ್ಟ.

ಮೊದಲ ವರ್ಷ ಮುದ್ದಯ್ಯ ಟಗರು ಎತ್ತಿ, "ಮೂರು ಮಣಕ್ಕೆ ಆರು ಸೇರು ಕಮ್ಮಿ" ಎಂದ. ಎರಡನೆಯ ವರ್ಷ ಐದು ಸೇರು ಕಮ್ಮಿ. ಮೂರನೆಯ ವರ್ಷ ಮತ್ತೆ ಆರು. ಮೂರು ಟಗರೂ ಸಂತೆಗೆ ಹೋದವು. ಓಲೆ ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ನಾಲ್ಕನೆಯ ವರ್ಷ ಯುದ್ಧ ಜೋರಾಗಿತ್ತು. ಸೀಮೆಎಣ್ಣೆಗೂ ಚೀಟಿ, ಬಟ್ಟೆಗೂ ಚೀಟಿ. ಮಿಲ್ಟ್ರಿಯವರಿಗೆ ಕುರಿ ಒದಗಿಸುವ ಮದ್ದೂರಿನ ನಾಗಯ್ಯ ಶಿವರಾತ್ರಿ ಕಳೆದ ಮೇಲೆ ಹೇಳಿಕಳಿಸಿದ: ಇನ್ನು ಮೇಲೆ ಕಣ್ಣಂದಾಜು ಇಲ್ಲ, ಕೈತೂಕ ಇಲ್ಲ, ಯುಗಾದಿಗೆ ಮುಂಚೆ ಬಂದು ತೂಗಿ ತಗೊಳ್ಳುತ್ತೇನೆ, ತೂಗುವ ಸಾಮಾನು ನೀವೇ ಇಟ್ಟುಕೊಳ್ಳಿ.

ಆ ಭಾನುವಾರ ಹಿರಿಮಗ, ಹೊಂಬಾಳಮ್ಮನ ಗಂಡ ಹೊನ್ನಯ್ಯ ಮನೆಗೆ ಬಂದಿದ್ದ. ಅವನು ಮಂಡ್ಯದ ಹತ್ತಿರ ಸರ್ಕಾರಿ ಬೇಸಾಯದ ವಿ.ಸಿ. ಫಾರಂನಲ್ಲಿ ಕೂಲಿ. ವಾರಕ್ಕೊಂದು ಸಲ ಇದ್ದಿಲು ಬಸ್ಸಿನಲ್ಲಿ ಮೈಯೆಲ್ಲ ಮಸಿಯಾಗಿ ಬರುತ್ತಿದ್ದ. ಗಂಡಸರು ಊಟಕ್ಕೆ ಕೂತರು. ಮುದ್ದೆ, ಹುರುಳಿ ಕಟ್ಟಿನ ಸಾರು. ಆ ಮನೆಯಲ್ಲಿ ಹುರುಳಿ ಬೇಯಿಸಿದರೆ ಕಟ್ಟು ಮನುಷ್ಯರಿಗೆ, ಕಾಳು ಟಗರಿಗೆ.

ಮನೆಯ ಕುರಿಮಂದೆ ಕಾಯುವ ಕಿರಿಮಗ ಪುಟ್ಟಸ್ವಾಮಿ ಸಾರು ಕಲಕಿ ನೋಡಿದ. "ಒಂದು ಕಾಳಾದ್ರೂ ಬುಡವ್ವ. ಮುಂದಿನ ಜನ್ಮಕ್ಕೆ ಈ ಮನೇಲಿ ಟಗರಾಗಿ ಉಟ್ಟಬೇಕು."

"ಮುಚ್ಕಂಡು ಉಣ್ಣಲಾ" ಎಂದ ಮುದ್ದಯ್ಯ. "ಒನ್ನ, ನಾಗಯ್ಯ ತೂಕ ಅಂತ ಕುಂತವ್ನೆ. ಏನ್ ತರೋದು?"

ಹೊನ್ನಯ್ಯ ತುತ್ತು ನುಂಗಿ ಹೇಳಿದ. "ಫಾರಂನಲ್ಲಿ ಮುಳ್ಳಿನ ಕಾಟಾ ಮಡಗವ್ರೆ ಅಪ್ಪಯ್ಯ. ತೊಲೆಗೆ ನೇತಾಕಿ, ಕೆಳಗಡೆ ಕೊಕ್ಕೆಗೆ ಗೋಣಿ ಜೋಲಿ ಕಟ್ತಾರೆ. ಜೋಲಿಗೆ ಕುರಿ ಇಟ್ರೆ ಮುಳ್ಳು ತಿರುಗಿ ನಿಂತ್ಕತದೆ. ಇಪ್ಪತ್ತೈದು ಪೌಂಡಿಗೆ ಒಂದು ಮಣ ಅಂತ ಲೆಕ್ಕ. ಕಲ್ಲು ಬ್ಯಾಡ, ಏನೂ ಬ್ಯಾಡ. ಯಾರೂ ಮುಟ್ಟಂಗಿಲ್ಲ."

"ಯಾರೂ ಮುಟ್ಟಂಗಿಲ್ಲ ಅಂದ್ರೆ ಅದು ಯಾರ ಮಾತ್ಲಾ? ಮುಳ್ಳು ಯೋಳಿದ್ದೇ ಮಾತಾದ್ರೆ ಮನೆಗೆ ಯಜಮಾನ ಯಾಕೆ?"

ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ. ಹೊಂಬಾಳಮ್ಮ ಅಡುಗೆಮನೆಯ ಬಾಗಿಲ ಹಿಂದಿನಿಂದ ಅತ್ತೆಗೆ ಹೇಳಿದಳು. ಹೇಳಿದ್ದು ಅತ್ತೆಗೆ, ಕೇಳಬೇಕಾದ್ದು ಮಾವನಿಗೆ.

"ಅತ್ತೆ, ಕಾಟಾನೇ ತರ್ಲಿ ಅಂತ ಯೋಳಿ. ಈ ಸಲ ನನ್ನ ಟಗರು ಅದ್ರಲ್ಲೇ ತೂಗ್ಲಿ."

"ನಿನ್ನ ಟಗರಾ?" ಚಿಕ್ಕನಂಜಮ್ಮ ಸೌಟು ಕುಕ್ಕಿದಳು. "ನಿಮ್ಮಪ್ಪನ ಮನೆಯಿಂದ ಒಡ್ಕಂಡ್ ಬಂದಿದ್ದೇನಮ್ಮಿ?"

"ಓಲೆ ಅಪ್ಪನ ಮನೆಯಿಂದ ಬಂದಿತ್ತಲ್ಲ. ಅದ್ರ ಟಗರು."

ಮುದ್ದಯ್ಯನ ಕೈ ತಣಿಗೆಯ ಮೇಲೆ ನಿಂತಿತು. "ಏನಂತೆ ಅವ್ಳುದು?"

"ಮೂರು ವರ್ಷ ಮನೆ ಒಳಗೆ ಕೈಲಿ ತೂಗಿದ್ದಾಯ್ತು, ಈ ಸಲ ಊರೋರ ಮುಂದೆ ತೂಗ್ಲಿ ಅಂತ ಯೋಳಿ ಅತ್ತೆ" ಎಂದಿತು ಬಾಗಿಲ ಹಿಂದಿನ ದನಿ.

"ನನ್ನ ಕೈ ಸುಳ್ಳು ಅಂತೀಯೇನೇ?" ಮುದ್ದಯ್ಯ ತಣಿಗೆ ತಳ್ಳಿದ. ಸಾರು ಹೊನ್ನಯ್ಯನ ಪಂಚೆಗೆ ಚೆಲ್ಲಿತು. "ಸೀಮೆಲೆಲ್ಲ ನಡೆಯೋ ಕೈ ಇದು! ಆಗ್ಲಿ, ಊರ್ ಮುಂದೇನೇ ತೂಗ್ತೀನಿ. ನ್ಯಾಯ ಯೋಳೋ ಮರಿಸಿದ್ದಯ್ಯನ್ನೂ ಕರುಸ್ತೀನಿ. ತೂಗೋ ಸಾಮಾನು ಮಾತ್ರ ನಾನೇ ಆರಿಸಿ ತತ್ತೀನಿ. ಮುಟ್ಟಂಗಿಲ್ಲವಂತೆ!"

ಹೊನ್ನಯ್ಯ ಪಂಚೆ ಒರೆಸಿಕೊಂಡ. ಅವನ ಪೌರುಷ ಅಷ್ಟೇ.

ಮುಂದಿನ ವಾರ ಮುದ್ದಯ್ಯ ಪುಟ್ಟಸ್ವಾಮಿಯನ್ನು ಕರೆದುಕೊಂಡು ಗಾಡಿ ಕಟ್ಟಿ ಮದ್ದೂರಿಗೆ ಹೋದ. ಸಂಜೆ ತಿರುಗಿ ಬಂದಾಗ ಗಾಡಿಯಲ್ಲಿ ಆಳುದ್ದದ ಕಬ್ಬಿಣದ ದಂಡಿಗೆ, ಸರಪಣಿ, ಎರಡು ಹಲಗೆ ತಟ್ಟೆ. ಹೊಂಬಾಳಮ್ಮ ಹಿತ್ತಲಲ್ಲಿ ಟಗರಿಗೆ ತುತ್ತು ಕೊಡುತ್ತಿದ್ದಳು. ಪುಟ್ಟಸ್ವಾಮಿ ಎತ್ತು ಕಟ್ಟಿ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಂಗಡಿಯೋನು ಎರಡೂ ತೋರುಸ್ದ ಅತ್ಗೆ. ಕಾಟಾಕ್ಕೆ ಅಪ್ಪಯ್ಯ ಕೊಡೆ ನೇತಾಕಿ ನೋಡ್ದ. ಬೆಲ್ಲದ ಅಚ್ಚು ನೇತಾಕಿ ನೋಡ್ದ. ಕೊನೆಗೆ ನನ್ನನ್ನೇ ನೇತಾಡ್ಲಾ ಅಂದ, ಅಂಗಡಿ ಜನವೆಲ್ಲ ನಗೋಂಗಾಯ್ತು. ಮುಳ್ಳು ಎಲ್ಲಾನೂ ಸರಿಯಾಗೇ ಯೋಳ್ತು."

"ಆಮೇಲೆ?"

"ಸರಿಯಾಗಿ ಯೋಳ್ತಲ್ಲ, ಅದ್ಕೇ ಬ್ಯಾಡ ಅಂದ."

ಪುಟ್ಟಸ್ವಾಮಿ ನಕ್ಕ. ಹೊಂಬಾಳಮ್ಮ ನಗಲಿಲ್ಲ. ತಕ್ಕಡಿ ಎಂದರೆ ಕಲ್ಲು ಬೇಕು. ಕಲ್ಲು ಮನೆಯಲ್ಲೇ ಇದ್ದವು. ಮುದ್ದಯ್ಯ ಆಲೆಮನೆಗಳಲ್ಲಿ ಬೆಲ್ಲ ಕೊಂಡು ಸಂತೆಯಲ್ಲಿ ಮಾರುವವನು. ಅವನ ಮನೆಯಲ್ಲಿ ಒಂದು ಮಣದ ಕಲ್ಲು ಎರಡು ಬಗೆ, ಒಂದೊಂದು ಬಗೆಯಲ್ಲೂ ಮೂರು ಮೂರು. ಬಡರೈತನ ಬೆಲ್ಲ ಕೊಳ್ಳುವಾಗ ಇಡುವ ಕಲ್ಲು ಒಂದು ಬಗೆ, ತಾನು ಮಾರುವಾಗ ಇಡುವುದು ಇನ್ನೊಂದು ಬಗೆ. ನಲವತ್ತು ಸೇರಿಗೆ ಒಂದು ಮಣ ಎಂದು ಲೋಕಕ್ಕೆಲ್ಲ ಲೆಕ್ಕವಿದ್ದರೆ, ಅವನ ಕೊಳ್ಳುವ ಕಲ್ಲು ಒಂದೊಂದೂ ನಲವತ್ಮೂರು ಸೇರು. ಮಾರುವ ಕಲ್ಲು ಮೂವತ್ತೇಳು. ಕೊಳ್ಳುವ ಕಲ್ಲು ಒರಳಿನ ಪಕ್ಕ ಇರುತ್ತಿದ್ದವು, ಮಾರುವ ಕಲ್ಲು ಅಟ್ಟದ ಮೇಲೆ. ಮನೆ ಸಾರಿಸುವಾಗ ಅವನ್ನು ಎತ್ತಿಡುವ ಹೊಂಬಾಳಮ್ಮನಿಗೆ ಇದು ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಹೊನ್ನಯ್ಯ ಬಂದ ಭಾನುವಾರ ಅವಳು ಗಂಡನನ್ನು ಹಿತ್ತಲಿಗೆ ಕರೆದಳು.

"ಯಾವ ಕಲ್ಲು ಇಡ್ತಾರೆ ಅಂತ ನಿಮಗೆ ಗೊತ್ತು. ಅದೇನ್ ಅಂತ ಒಂದು ಮಾತು ಕೇಳಿ."

"ಅಪ್ಪಯ್ಯನ್ನ ಊರ್ ಮುಂದೆ ಕಳ್ಳ ಅನ್ನಕಾಯ್ತದಾ?"

"ಊರ್ ಮುಂದೆ ಬ್ಯಾಡ. ನನ್ನ ಮುಂದೆ ಒಂದು ಸಲ ಅನ್ನಿ, ಸಾಕು."

ಹೊನ್ನಯ್ಯ ಬೇಲಿಯ ಮೇಲೆ ಒಣಗಿದ್ದ ಅಂಗಿ ತೆಗೆದು ಮಡಚಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ. "ಓಲೆ ಇಲ್ದಿದ್ರೆ ಏನಾಯ್ತದೆ ಬುಡು. ನಾನು ಬದುಕಿಲ್ವಾ?"

"ನೀವು ಬದುಕಿರೋದು ನನ್ನ ಕಿವೀಲಿ ಕಡ್ಡಿ ಕಂಡೋರ್ಗೆ ಗೊತ್ತಾಯ್ತಿಲ್ಲ ಕಣಪ್ಪ!"

ಅವಳು ಸೊಪ್ಪಿನ ಕುಕ್ಕೆ ಎತ್ತಿಕೊಂಡು ಹೋದಳು. ಅವತ್ತು ಗಂಡನಿಗೆ ಅತ್ತೆಯೇ ಬಡಿಸಿದಳು.

ಯುಗಾದಿ ಹತ್ತಿರ ಬಂತು. ಮಂಗಳಮ್ಮ ಹಬ್ಬಕ್ಕೆಂದು ಮುಂಚೆಯೇ ತವರಿಗೆ ಬಂದಳು. ಬಂದವಳು ನಡುಮನೆಯಲ್ಲಿ ಕೂತು, ಅತ್ತೆ ಮನೆಯ ಕಾಟ ಹೇಳಿಕೊಳ್ಳುತ್ತ ತಲೆ ಆಡಿಸಿದಾಗೆಲ್ಲ ಓಲೆ ಮಿಂಚುತ್ತಿತ್ತು. ಹೊಂಬಾಳಮ್ಮ ಅವಳಿಗೆ ನೀರು ಕೊಟ್ಟಳು, ರೊಟ್ಟಿ ತಟ್ಟಿ ಕೊಟ್ಟಳು, ಓಲೆಯ ಕಡೆ ನೋಡಲಿಲ್ಲ.

"ಅತ್ಗೆ ಯಾಕೋ ಮಾತಾಡ್ತಾ ಇಲ್ಲ ಕಣವ್ವ" ಎಂದಳು ಮಂಗಳಮ್ಮ.

"ಅವ್ಳ ಮಾತೆಲ್ಲ ಟಗರಿನ ಜೊತೆ" ಎಂದಳು ಚಿಕ್ಕನಂಜಮ್ಮ. "ಮೂರು ಒತ್ತೂ ತುರುಕಿದ್ದೇ ತುರುಕಿದ್ದು. ಮನೆ ಉರುಳಿ ಮುಗಿದೋಯ್ತು. ಅದ್ರಲ್ಲಿ ಎಷ್ಟು ಟಗರಿಗೆ ಓಯ್ತೋ, ಎಷ್ಟು ಅವ್ಳ ಅಣ್ಣನ ಮನೆಗೆ ಓಯ್ತೋ."

ರೊಟ್ಟಿ ಕಲ್ಲಿನ ಮೇಲೆ ಸುಡುತ್ತಿತ್ತು. ಹೊಂಬಾಳಮ್ಮ ಅದನ್ನು ತಿರುವದೆ ಎದ್ದು ಬಂದು ಅತ್ತೆಯ ಮುಂದೆ ತನ್ನ ಬಲಗೈ ಚಾಚಿದಳು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಹಲ್ಲಿನ ಗಾಯ.

"ನಮ್ಮಣ್ಣನ ಮನೆಗೆ ಉರುಳಿ ಒತ್ತೋಳ ಕೈ ಇಂಗಿರ್ತದಾ ಅತ್ತೆ? ನೀವೂ ತುತ್ತು ಕೊಟ್ಟೋರೇ. ನೋಡಿ ಯೋಳಿ."

ಚಿಕ್ಕನಂಜಮ್ಮ ನೋಡಲಿಲ್ಲ. "ರೊಟ್ಟಿ ಸೀಯ್ತಾ ಅದೆ" ಎಂದಳು.

ಯುಗಾದಿಗೆ ನಾಲ್ಕು ದಿನ ಇರುವಾಗ ಮುದ್ದಯ್ಯ ಊರಮ್ಮನ ಗುಡಿಯ ಮುಂದಿನ ಹುಣಸೇಮರಕ್ಕೆ ತಕ್ಕಡಿ ಕಟ್ಟಿಸಿದ. ಅವನ ಲೆಕ್ಕಾಚಾರ ಸಲೀಸಾಗಿತ್ತು. ಇವತ್ತು ಕೊಳ್ಳುವ ಕಲ್ಲಿಟ್ಟು ಸೊಸೆಯ ಬಾಯಿ ಮುಚ್ಚಿಸುವುದು. ನಾಗಯ್ಯ ಎರಡು ದಿನ ಬಿಟ್ಟು ಬಂದಾಗ ಅಟ್ಟದ ಮೇಲಿನ ಕಲ್ಲು ಇಳಿಸುವುದು. ಎರಡು ಬಗೆಯ ಕಲ್ಲಿಗೂ ಒಂದೇ ಬಣ್ಣ, ಒಂದೇ ಗಾತ್ರ. ಕಾಟಾ ಬೇಡ, ತಕ್ಕಡಿ ಬೇಕು ಎಂದದ್ದು ಸುಮ್ಮನೆ ಅಲ್ಲ.

ಜನ ಸೇರಿದರು. ಹಿರಿಯ ಮರಿಸಿದ್ದಯ್ಯ ಗುಡಿಯ ಜಗಲಿಯ ಮೇಲೆ ಕೂತ. ಹೆಂಗಸರು ಒಂದು ಪಕ್ಕ ನಿಂತರು. ಮುದ್ದಯ್ಯನೇ ಕಲ್ಲು ಹೊತ್ತು ತಂದು ಸಾಲಾಗಿ ಇಟ್ಟ. ಬುಡದಲ್ಲಿ ಅಂಟಿದ್ದ ಹಿಟ್ಟು ಕಂಡು ಹೊಂಬಾಳಮ್ಮ ಒಂದು ನೋಟದಲ್ಲೇ ಅವು ಒರಳಿನ ಪಕ್ಕದವು ಎಂದು ಗುರುತಿಸಿದಳು. ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಹೊನ್ನಯ್ಯ ನೆಲ ನೋಡುತ್ತಲೇ ಎದ್ದು ಮರಿಸಿದ್ದಯ್ಯನಿಗೆ ತಿಳಿಸಿದ.

"ಕಲ್ಲಿನ ಮೇಲೆ ಕರ್ಪೂರ ಅಚ್ಚಿ ಆಣೆ ಇಡ್ಲಿ ಅಂತಾ ಅವ್ಳೆ."

ಅಮ್ಮನ ಮುಂದೆ ಸುಳ್ಳಾಣೆ ಇಡುವವರೂ ಇರುತ್ತಾರೆ ಎಂದು ಹೊಂಬಾಳಮ್ಮ ತಿಳಿದಿರಲಿಲ್ಲ. ಬಡವರ ಮನೆಯಿಂದ ಬಂದವರು ದೇವರನ್ನು ನಂಬಿ ಮಾಡುವ ತಪ್ಪು ಅದು.

ಮುದ್ದಯ್ಯ ಕರ್ಪೂರ ಹಚ್ಚಿದ. ಉರಿಯ ಮೇಲೆ ಅಂಗೈ ಹಿಡಿದ. "ಇವು ನಮ್ಮಪ್ಪನ ಕಾಲದ ಕಲ್ಲು. ಒಂದೊಂದೂ ಸರಿಯಾಗಿ ನಲವತ್ತು ಸೇರು. ಒಂದು ಗುಲಗಂಜಿ ಎಚ್ಚುಕಮ್ಮಿ ಇದ್ರೆ ಅಮ್ಮ ನನ್ನ ಕೈ ಸೇದೋಗಂಗೆ ಮಾಡ್ಲಿ."

ಅಮ್ಮ ಏನೂ ಮಾಡಲಿಲ್ಲ.

ಒಂದು ತಟ್ಟೆಗೆ ಮೂರು ಕಲ್ಲು. ಇನ್ನೊಂದಕ್ಕೆ ಕಾಲು ಕಟ್ಟಿದ ಟಗರು. ಕಲ್ಲಿನ ತಟ್ಟೆ ನೆಲ ಬಿಡಲಿಲ್ಲ. ಟಗರಿನ ಕಡೆ ಒಂದೊಂದೇ ಸೇರಿನ ಕಲ್ಲು ಪೇರಿಸುತ್ತ ಹೋದರು. ನಾಲ್ಕನೆಯದಕ್ಕೆ ದಂಡಿಗೆ ನೆಟ್ಟಗೆ ನಿಂತಿತು.

"ಮೂರು ಮಣಕ್ಕೆ ನಾಲ್ಕು ಸೇರು ಕಮ್ಮಿ" 

ಹಾಗೆಂದವನು ಮರಿಸಿದ್ದಯ್ಯ. ಅವನ ದನಿ ಸಪ್ಪಗಿತ್ತು.

"ಕೇಳ್ಕಂಡ್ರಾ?" ಮುದ್ದಯ್ಯ ಸುತ್ತ ನೋಡಿದ. "ನನ್ನ ಕೈ ಆದ್ರೂ ದಯ ತೋರ್ತಿತ್ತೇನೋ. ಕಲ್ಲಿಗೆ ದಯ ಇಲ್ಲ. ಅಂಗ್ಸು ಮಾತು ಕೇಳ್ಕಂಡು ಊರ್ ಜನಾನೆಲ್ಲ ಕರ್ದು ಕುಣಿದಂಗಾಯ್ತು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಂಬಾಳಮ್ಮ ಸೆರಗು ಬಿಗಿದುಕೊಂಡು ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು. ಗುಡಿಗೂ ಮನೆಗೂ ಒಂದು ಕೂಗಳತೆ.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಮದ್ದೂರಿನ ನಾಗಯ್ಯ. ಹಬ್ಬದ ಗದ್ದಲಕ್ಕೆ ಮುಂಚೆ ಕುರಿ ಸಾಗಿಸಿಬಿಡೋಣ ಎಂದು ಎರಡು ದಿನ ಮೊದಲೇ ಗಾಡಿ ಹೊಡೆದುಕೊಂಡು ಬಂದಿದ್ದ. ಆಣೆ ಇಟ್ಟದ್ದನ್ನು ಪೂರ್ತಿ ನೋಡಿದ್ದ. ಬಂದವನೇ ಒಂದು ಕಲ್ಲನ್ನು ಎತ್ತಿ ಇಳಿಸಿದ. ನಲವತ್ತು ಸೇರು ಎಂದರೆ ಎಷ್ಟು ಎಂದು ಅವನ ಕೈಗೂ ಗೊತ್ತಿತ್ತು. ಮುಖ ಅರಳಿತು.

"ಯಜಮಾನ್ರೆ, ದೇವರ ಮುಂದೆ ಆಣೆ ಇಟ್ಟ ಕಲ್ಲು ಇನ್ನೆಲ್ಲಿ ಸಿಕ್ಕಬೇಕು? ನನ್ನ ವ್ಯಾಪಾರವೂ ಇದರಲ್ಲೇ ಆಗಲಿ. ಕುರಿ ತರಿಸಿ."

ಮುದ್ದಯ್ಯನ ಬಾಯಲ್ಲಿ ಬಿಸಿ ತುಪ್ಪ ಬಿದ್ದ ಹಾಗಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಅಲ್ಲ ನಾಗಯ್ಯ, ಇವತ್ತು ದಿನ ಚೆನ್ನಾಗಿಲ್ಲ..." ಎಂದ.

"ದಿನ ಚೆನ್ನಾಗಿಲ್ಲದೆ ಆಣೆ ಇಟ್ರಾ?"

ಜನ ನಕ್ಕರು. ಪುಟ್ಟಸ್ವಾಮಿ ಮಂದೆ ಹೊಡೆದುಕೊಂಡು ಬಂದ. ಮೊದಲ ಕುರಿ ತಕ್ಕಡಿಗೆ ಏರಿತು, ತೂಕ ಇಳಿಯಿತು. ಎರಡನೆಯದೂ ಹಾಗೆ. ದಷ್ಟಪುಷ್ಟ ಟಗರುಗಳು ಆ ಕಲ್ಲಿನ ಎದುರು ಪೀಚು ಮರಿಗಳಾದವು. ವರ್ಷವೆಲ್ಲ ಬಿಸಿಲಲ್ಲಿ ಕಾದು ಮೇಯಿಸಿದ ಪುಟ್ಟಸ್ವಾಮಿ ಒಂದೊಂದು ತೂಕ ಕೂಗಿದಾಗಲೂ ಹಲ್ಲು ಕಡಿಯುತ್ತಿದ್ದ. ಕೊನೆಗೆ ಅಪ್ಪನ ಹತ್ತಿರ ಹೋಗಿ, "ಯೋಳಪ್ಪಯ್ಯ, ಬಾಯಿ ಬುಡು. ಇಡೀ ಮಂದೆ ಓಯ್ತದೆ!" ಎಂದ. ಮುದ್ದಯ್ಯ ಬೆವರು ಒರೆಸಿಕೊಂಡು, ಹೆಂಡತಿಯ ಕಡೆ ನೋಡಿ, ಮನೆಯ ಕಡೆ ಕಣ್ಣು ತೋರಿಸಿದ.

ಚಿಕ್ಕನಂಜಮ್ಮ ಓಡುತ್ತ ಮನೆಗೆ ಬಂದಳು. ಹೊಂಬಾಳಮ್ಮ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು.

"ಏಳಮ್ಮಿ! ನಾಗಯ್ಯ ಆ ಕಲ್ಲಲ್ಲೇ ತೂಗ್ತಾವ್ನೆ. ನೀನು ಬಂದು, ನಾನೇ ಗೊತ್ತಾಗ್ದೆ ಬ್ಯಾರೆ ಕಲ್ಲು ಎತ್ತಿಕೊಟ್ಟೆ ಅಂತ ಅನ್ನು. ಅಂಗ್ಸು, ತಿಳೀದೆ ಮಾಡಿದ್ಲು ಅಂತ ಜನ ಬುಟ್ಟುಬುಡ್ತಾರೆ. ನಿಮ್ಮಾವನ ಮಾನ ಉಳೀತದೆ."

ಹೊಂಬಾಳಮ್ಮ ಅತ್ತೆಯನ್ನೇ ದಿಟ್ಟಿಸಿದಳು.

"ಮೋಸ ಅವ್ರುದು, ತಪ್ಪು ನಂದಾ?"

"ಮನೆ ಅಂದ್ಮೇಲೆ ಯಾರಾದ್ರೊಬ್ರು ಒತ್ಕಬೇಕು ಕಣಮ್ಮಿ. ಬಾ, ಕಾಲಿಗ್ ಬೀಳ್ತೀನಿ."

"ಕಾಲಿಗೆ ಬ್ಯಾಡಿ. ಓಲೆ ಬಿಚ್ಚಿ."

"ಏನಂದೆ?"

"ನಿಮ್ಮ ಕಿವಿ ಓಲೆ. ಬಿಚ್ಚಿ ಕೊಡಿ, ಬತ್ತೀನಿ."

ಹೊರಗಿನಿಂದ ಇನ್ನೊಂದು ಕುರಿಯ ತೂಕ ಕೂಗಿದ್ದು ಕೇಳಿಸಿತು. ಚಿಕ್ಕನಂಜಮ್ಮ ಶಾಪ ಹಾಕಿದಳು, ಮೂಗು ಒರೆಸಿದಳು, ತಿರುಪು ಬಿಚ್ಚಿದಳು. ಹೊಂಬಾಳಮ್ಮ ಬೇವಿನ ಕಡ್ಡಿ ಕಿತ್ತು ಒಲೆಗೆ ಎಸೆದು, ಅಲ್ಲೇ ಓಲೆ ಹಾಕಿಕೊಂಡಳು. ತೂತು ಕಿರಿದಾಗಿತ್ತು. ಒತ್ತಿದಾಗ ಎರಡೂ ಕಿವಿಯಲ್ಲಿ ರಕ್ತ ಬಂತು. ಒರೆಸಿಕೊಳ್ಳದೆ ಹೊರಟಳು.

ಹುಣಸೇಮರದ ಕೆಳಗೆ ಜನ ದಾರಿ ಬಿಟ್ಟರು. ಸೊಸೆಯನ್ನು ಕಂಡು ಮುದ್ದಯ್ಯನಿಗೆ ಹೋದ ಜೀವ ಬಂದ ಹಾಗಾಯಿತು. "ನೋಡ್ರಪ್ಪ, ನಮ್ಮ ಸೊಸೆ ಏನೋ ಯೋಳಕ್ ಬಂದವ್ಳೆ. ಅಂಗ್ಸು ಕೆಲ್ಸ, ಕಲ್ಲು ಅದ್ಲುಬದ್ಲು ಆಗೈತೇನೋ..."

ಹೊಂಬಾಳಮ್ಮ ಆ ಮನೆಗೆ ಬಂದ ಮೇಲೆ ಮೊದಲ ಸಲ ಮಾವನ ಎದುರಿಗೆ ನಿಂತಳು.

"ಕಲ್ಲು ನಾನು ತರಲಿಲ್ಲ ಮಾವ. ನೀವೇ ಒತ್ಕಂಡ್ ಬಂದ್ರಿ, ಊರೆಲ್ಲ ನೋಡ್ಯದೆ." ಅವಳು ಮರಿಸಿದ್ದಯ್ಯನ ಕಡೆ ತಿರುಗಿದಳು. "ಇವು ಬೆಲ್ಲ ಕೊಳ್ಳೋ ಕಲ್ಲು. ಒಂದೊಂದ್ರಲ್ಲೂ ಮೂರು ಸೇರು ಜಾಸ್ತಿ. ಮಾರೋ ಕಲ್ಲು ಅಟ್ಟದ ಮೇಲವೆ, ಅವು ಮೂರು ಮೂರು ಸೇರು ಕಮ್ಮಿ. ಸರಿಯಾದ್ ಕಲ್ಲು ಈ ಮನೇಲಿ ಒಂದೂ ಇಲ್ಲ. ಕೈಯೂ ಇಲ್ಲ."

ಗುಂಪಿನಿಂದ ಒಬ್ಬ ರೈತ, "ಥೂ ನಿನ್ನ! ಆರು ವರ್ಷ ನಿಂಗೆ ಬೆಲ್ಲ ಆಕಿದೀನಲ್ಲೋ!" ಎಂದು ಕೂಗಿದ. ಇನ್ನೊಬ್ಬ ಟವಲು ಕೊಡವಿ ಎದ್ದ. ಗದ್ದಲ ಎದ್ದಿತು. ಮುದ್ದಯ್ಯ ಸೊಸೆಯ ಕಡೆ ಕೈ ಎತ್ತಿಕೊಂಡು ಬಂದ. ಪುಟ್ಟಸ್ವಾಮಿ ನಡುವೆ ನಿಂತ. ಆಶ್ಚರ್ಯವೆಂದರೆ ಹೊನ್ನಯ್ಯನೂ ನಿಂತ. ನಿಂತ, ಅಷ್ಟೇ.

ಮರಿಸಿದ್ದಯ್ಯ ಕೋಲು ಕುಟ್ಟಿದ. "ನಾಗಯ್ಯ, ನಿನ್ನ ಗಾಡೀಲಿ ಕಾಟಾ ಅದೆ. ಬರೋವಾಗ್ಲೇ ಕಂಡೆ. ಬಾಯಿ ಮುಚ್ಕಂಡು ಲಾಭ ಮಾಡ್ಕತಿದ್ಯಲ್ಲ, ನೀನೇನ್ ಕಮ್ಮಿ ಕಳ್ಳ? ತಾ ಇಲ್ಲಿ. ಎಲ್ಲಾನೂ ಮೊದಲಿಂದ ತೂಗು."

ಮಿಲ್ಟ್ರಿಯವರಿಗೆ ಒಪ್ಪಿಸುವಾಗ ತೂಗಲೆಂದು ಇಟ್ಟುಕೊಂಡಿದ್ದ ಕಾಟಾವನ್ನು ನಾಗಯ್ಯ ಹಲ್ಲು ಕಿರಿಯುತ್ತ ಹೋಗಿ ತಂದ. ಅದೇ ಕೊಂಬೆಗೆ ಮುಳ್ಳಿನ ಕಾಟಾ ಕಟ್ಟಿದರು.

"ಮೊದ್ಲು ನನ್ನ ಟಗರು" ಎಂದಳು ಹೊಂಬಾಳಮ್ಮ.

ಗೋಣಿ ಜೋಲಿಯಲ್ಲಿ ಟಗರು ನೇತಾಡಿತು. ಮುಳ್ಳು ಆಚೆ ಈಚೆ ಆಡಿ ನಿಂತಿತು. ಓದು ಬರುತ್ತಿದ್ದ ಹೊನ್ನಯ್ಯನೇ ಓದಿದ. "ಎಪ್ಪತ್ತೆಂಟು ಪೌಂಡು. ಎಪ್ಪತ್ತೈದಕ್ಕೆ ಮೂರು ಮಣ. ಮೂರು ಪೌಂಡು ಜಾಸ್ತಿ."

ಹೆಂಗಸರ ಕಡೆಯಿಂದ ಯಾರೋ, "ಆ ಮೂರು ವರ್ಷದ ಟಗರುಗಳೂ ಇಂಗೇ ಇದ್ವೇನೋ ಕಣವ್ವ" ಎಂದರು. ಹೊಂಬಾಳಮ್ಮನಿಗೆ ಆಗ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಅವತ್ತು ಮನೆಯಲ್ಲಿ ಮುದ್ದಯ್ಯ, "ಅವ್ಳು ಬಡಿಸಿದ್ದ ನಾನು ಉಣ್ಣಲ್ಲ" ಎಂದು ಕೂಗಿದ.

"ಉಣ್ಣಬ್ಯಾಡಿ" ಎಂದಳು ಹೊಂಬಾಳಮ್ಮ. ಬಾಗಿಲ ಹಿಂದಿನಿಂದ ಅಲ್ಲ, ಎದುರಿಗೆ ನಿಂತೇ.

ಮರುದಿನ ಬೆಳಿಗ್ಗೆ ಚಿಕ್ಕನಂಜಮ್ಮ ಗಂಡನ ಮುಂದೆ ನಿಂತಳು. ಕಿವಿಯಲ್ಲಿ ಬೇವಿನ ಕಡ್ಡಿ.

"ಆ ಟಗರು ನಾಗಯ್ಯನಿಗೆ ಮಾರಿದ ಕಾಸು ಬಂತಲ್ಲ. ಅದ್ರಲ್ಲಿ ನಂಗೆ ಓಲೆ ಮಾಡುಸಿ. ಅಬ್ಬಕ್ಕೆ ನೆಂಟರು ಬತ್ತಾರೆ, ಇಂಗೆ ಎಂಗ್ ಓಡಾಡ್ಲಿ?"

ಮುದ್ದಯ್ಯ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. "ಅವ್ಳಿಗೆ ಓಲೆ ಸಿಕ್ತು, ಮಾತು ತೀರ್ತು. ಟಗರಿನ ಕಾಸು ಮನೇದು. ನಿಂದು ಬರೋ ವರ್ಷ ನೋಡುವ. ಇನ್ನೊಂದು ಟಗರು ಮೇಯ್ಲಿ."

ಚಿಕ್ಕನಂಜಮ್ಮ ಅವನನ್ನೇ ನೋಡುತ್ತ ನಿಂತಳು. ಆ ಮನೆಗೆ ಬಂದು ಮೂವತ್ತು ವರ್ಷವಾದರೂ ಆ ಮುಖವನ್ನು ಅಷ್ಟು ಹೊತ್ತು ಅವಳು ನೋಡಿರಲಿಲ್ಲ. ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಸೊಸೆಯ ಪಕ್ಕ ಕೂತಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇಬ್ಬರಿಗೂ ಒಂದೇ ಕಾಲ ಎಂದು ಅವಳಿಗೆ ತಿಳಿಯಲು ಕಿವಿ ಬರಿದಾಗಬೇಕಾಯಿತು. ಹೊಂಬಾಳಮ್ಮ ಓಲೆ ತಿರುಗಿ ಕೊಡಲಿಲ್ಲ. ಒಂದು ಲೋಟ ಕಾಫಿ ಕೊಟ್ಟಳು.

ಹಿತ್ತಲಲ್ಲಿ ಬರುವ ವರ್ಷದ ಎಳೆ ಟಗರನ್ನು ಆಗಲೇ ಗೂಟಕ್ಕೆ ಕಟ್ಟಿತ್ತು. ಪಕ್ಕದಲ್ಲಿ ಸೊಪ್ಪಿನ ಕುಕ್ಕೆ. ಹೊತ್ತು ಏರಿದ ಹಾಗೆ ಟಗರು ಅರಚತೊಡಗಿತು. ಅತ್ತೆ ಕದಲಲಿಲ್ಲ. ಸೊಸೆ ಕದಲಲಿಲ್ಲ. ಮಂಗಳಮ್ಮ ಏಳಹೊರಟರೆ ಅವ್ವ ಅವಳ ಸೆರಗು ಹಿಡಿದು ಕೂರಿಸಿದಳು.

"ಯಾರಾದ್ರೂ ಆ ಟಗರಿಗೆ ಮೇವು ಕೊಡ್ರೇ! ಕಿವಿ ತೂತು ಬೀಳ್ತಾ ಅದೆ!" ಎಂದು ಮುದ್ದಯ್ಯ ಕೂಗಿದ.

"ಸೀಮೆಲೆಲ್ಲ ನಡೆಯೋ ಕೈ ಅಲ್ವಾ ನಿಮ್ದು?" ಎಂದಳು ಚಿಕ್ಕನಂಜಮ್ಮ ಒಳಗಿನಿಂದ. "ನೀವೇ ಕೊಡಿ."

ಬೈಯುತ್ತ ಎದ್ದ. ಹಿತ್ತಲಿಗೆ ಹೋಗಿ ಸೊಪ್ಪು ಉಂಡೆ ಕಟ್ಟಿದ. ಟಗರನ್ನು ಮಂಡಿಗೆ ಸಿಕ್ಕಿಸಿಕೊಂಡು ಬಾಯಿ ಅಗಲಿಸಿದ. ಹೆಂಗಸರು ಮೂವರೂ ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದರು. ಅವನು ದವಡೆಯ ಮೂಲೆ ಹಿಡಿದಿರಲಿಲ್ಲ. ಅದು ಕಚ್ಚುತ್ತದೆ ಎಂದು ಅವನಿಗೆ ಯಾರೂ ಹೇಳಲಿಲ್ಲ.